ರೂಟರ್ ಕೆಟ್ಟಿಲ್ಲ, ನಂಬರ್ ಡಬಲ್ ಆಗಿದೆ

ಅಕ್ಕನ ಮನೆಯಿಂದ ಈಗಷ್ಟೇ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಅಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಒಂದೇ ಗೋಳು. ಸಿಸಿಟಿವಿ ಮೊಬೈಲಿನಲ್ಲಿ ಕಾಣುವುದಿಲ್ಲ, ಕಂಡರೆ ಭಾವನ ಆಫೀಸ್ ಮೀಟಿಂಗ್ ಮಧ್ಯದಲ್ಲೇ ಕಟ್ ಆಗುತ್ತದೆ. ಕ್ಯಾಮೆರಾ ಹಾಕಿದವನನ್ನೇ ಕರೆಸಿದ್ದರು. ಬಂದವನು ರೂಟರ್ ಆಫ್ ಮಾಡಿ ಆನ್ ಮಾಡಿದ. ಎಲ್ಲ ಸರಿ ಹೋಯಿತು. ‘ರೂಟರ್ ವೀಕ್ ಆಗಿದೆ ಮೇಡಂ, ಹೊಸದು ಹಾಕಿಸಿಬಿಡಿ’ ಎಂದು ಹೇಳಿ, ವಿಸಿಟಿಂಗ್ ಚಾರ್ಜ್ ತೆಗೆದುಕೊಂಡು ಹೊರಟ.

ರೂಟರ್‌ಗೆ ಏನೂ ಆಗಿರಲಿಲ್ಲ! ಐಪಿ ಅಡ್ರೆಸ್ ಕಾನ್‌ಫ್ಲಿಕ್ಟ್ ಆಗಿದೆ ಎಂದು ಭಾವನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಬರೆದೇ ತೋರಿಸುತ್ತಿತ್ತು. ಅವನು ಆ ಕಡೆ ತಿರುಗಿಯೂ ನೋಡಲಿಲ್ಲ.

ವೈಫೈಗೆ ಸೇರುವ ಪ್ರತಿ ಸಾಧನಕ್ಕೂ ಒಂದು ನಂಬರ್ ಬೇಕು, ಅದೇ ಐಪಿ ಅಡ್ರೆಸ್, ಹೆಚ್ಚಿನ ಮನೆಗಳಲ್ಲಿ ಅದು 192.168 ಎಂದು ಶುರುವಾಗುತ್ತದೆ. ಆ ನಂಬರ್ ಹಂಚುವ ಕೆಲಸ ರೂಟರ್‌ನದ್ದು. ಈ ವ್ಯವಸ್ಥೆಗೆ ಡಿಎಚ್‌ಸಿಪಿ ಎನ್ನುತ್ತಾರೆ, 1993ರಿಂದಲೂ ಇದೆ. ಒಂದೇ ನಂಬರ್ ಎರಡು ಸಾಧನಗಳ ಕೈಗೆ ಹೋದರೆ, ಬಸ್ಸಿನ ಒಂದೇ ಸೀಟನ್ನು ಇಬ್ಬರಿಗೆ ಬುಕ್ ಮಾಡಿಕೊಟ್ಟ ಹಾಗೆ. ‘ಈ ನಂಬರ್ ಯಾರದ್ದು?’ ಎಂದು ರೂಟರ್ ಕೇಳಿದಾಗ ಇಬ್ಬರೂ ‘ನನ್ನದು’ ಎನ್ನುತ್ತಾರೆ. ಡೇಟಾ ಒಮ್ಮೆ ಇವರಿಗೆ, ಒಮ್ಮೆ ಅವರಿಗೆ.

ಅಕ್ಕನ ಮನೆಯಲ್ಲಿ ಆಗಿದ್ದು ಇದೇ. ಕ್ಯಾಮೆರಾ ಹಾಕಿದವನು ಡಿವಿಆರ್‌ಗೆ (ಕ್ಯಾಮೆರಾಗಳ ಚಿತ್ರ ರೆಕಾರ್ಡ್ ಮಾಡುವ ಡಬ್ಬಿ) 192.168.1.10 ಎಂಬ ನಂಬರನ್ನು ಕೈಯಾರೆ ಕೂರಿಸಿ ಹೋಗಿದ್ದ. ರೂಟರ್‌ಗೆ ಇದು ಗೊತ್ತಿಲ್ಲ. ಅದು 192.168.1.2ರಿಂದ 254ರವರೆಗೆ ಯಾವುದನ್ನು ಬೇಕಾದರೂ ಯಾರಿಗಾದರೂ ಕೊಡುತ್ತದೆ. ರೂಟರ್‌ಗೆ ಯುಪಿಎಸ್ ಇದೆ, ಡಿವಿಆರ್‌ಗೆ ಇಲ್ಲ. ಕರೆಂಟ್ ಹೋದಾಗ ಡಿವಿಆರ್ ಮಲಗುತ್ತದೆ, ಆ ಹೊತ್ತಲ್ಲಿ 10 ಖಾಲಿ ಇದ್ದಂತೆ ಕಾಣುತ್ತದೆ. ರೂಟರ್ ಅದನ್ನು ಲ್ಯಾಪ್‌ಟಾಪ್‌ಗೆ ಕೊಟ್ಟುಬಿಡುತ್ತದೆ. ಕರೆಂಟ್ ಬಂದಮೇಲೆ ಡಿವಿಆರ್ ಎದ್ದು ತನ್ನ ಹಳೇ ನಂಬರಿಗೇ ಬಂದು ಕೂರುತ್ತದೆ. ಮುಗಿಯಿತು ಕಥೆ.

ಹಾಗಾಗಿ ತಪ್ಪು ರೂಟರ್‌ನದ್ದಲ್ಲ, ನಂಬರ್ ಕೂರಿಸಿ ಯಾರಿಗೂ ಹೇಳದೆ ಹೋದವನದ್ದು. ಒಂದು ಚೀಟಿಯಲ್ಲಿ ಬರೆದು ಡಿವಿಆರ್ ಮೇಲೆ ಅಂಟಿಸಿದ್ದರೆ ಸಾಕಿತ್ತು.

ಸರಿ ಮಾಡಿದ್ದು ಹೀಗೆ. ಬ್ರೌಸರ್‌ನಲ್ಲಿ ರೂಟರ್‌ನ ಸ್ವಂತ ನಂಬರ್ 192.168.1.1 ಹಾಕಿ ರೂಟರ್ ಒಳಗೆ ಹೋದೆ. ಡಿಎಚ್‌ಸಿಪಿ ಹಂಚುವ ನಂಬರ್‌ಗಳನ್ನು 100ರಿಂದ 200ರವರೆಗೆ ಮಾತ್ರ ಇರುವಂತೆ ಇಳಿಸಿದೆ. ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ ಆನ್ ಮಾಡಿದೆ, ಹೊಸ ನಂಬರ್ ಸಿಕ್ಕಿತು. ಈಗ 10 ಡಿವಿಆರ್‌ಗೆ ಮಾತ್ರ. ಇನ್ನೊಂದು ದಾರಿಯೂ ಇದೆ. ಡಿವಿಆರ್‌ನಲ್ಲಿ ಏನೂ ಕೂರಿಸದೆ, ರೂಟರ್‌ನಲ್ಲೇ ‘ಅಡ್ರೆಸ್ ರಿಸರ್ವೇಶನ್’ಗೆ ಹೋಗಿ ಅದರ ಮ್ಯಾಕ್ ಅಡ್ರೆಸ್‌ಗೆ (ತಯಾರಿಸುವಾಗಲೇ ಸಾಧನಕ್ಕೆ ಕೊಟ್ಟಿರುವ ಗುರುತು) ಒಂದು ನಂಬರ್ ಕಟ್ಟಿಬಿಡುವುದು. ನನಗೆ ಇದೇ ಜಾಸ್ತಿ ಇಷ್ಟ, ಎಲ್ಲ ಲೆಕ್ಕವೂ ಒಂದೇ ಕಡೆ ಇರುತ್ತದೆ. ಪ್ರಿಂಟರ್‌ಗೂ ಹೀಗೇ ಮಾಡಿ.

‘ರೀಸ್ಟಾರ್ಟ್ ಮಾಡಿದರೆ ಸರಿ ಹೋಗುತ್ತದಲ್ಲ, ಇಷ್ಟೆಲ್ಲ ಯಾಕೆ’ ಎಂದು ಭಾವ ಕೇಳಿದರು. ಸರಿ ಹೋಗುತ್ತದೆ, ನಿಜ. ಲ್ಯಾಪ್‌ಟಾಪ್‌ಗೆ ಬೇರೆ ನಂಬರ್ ಸಿಕ್ಕರೆ ಸರಿ ಹೋಗುತ್ತದೆ. ಮುಂದಿನ ಸಲ ಕರೆಂಟ್ ಹೋದಾಗ? ಮತ್ತೆ ಅದೇ ಹುಡುಗ, ಮತ್ತೆ ಅದೇ ಚಾರ್ಜ್. ಅದನ್ನು ರಿಪೇರಿ ಎಂದು ನಾನು ಒಪ್ಪುವುದಿಲ್ಲ.

ನನಗೆ ಇಷ್ಟು ಸಿಟ್ಟು ಯಾಕೆ ಅಂದರೆ, ಊರಿನ ಮನೆಯಲ್ಲಿ ಅಮ್ಮ ಒಬ್ಬರೇ ಇರುವುದು. ರಾತ್ರಿ ಅವರು ಬಾಗಿಲು ಹಾಕಿದ್ದಾರಾ ಎಂದು ಕ್ಯಾಮೆರಾದಲ್ಲಿ ನೋಡಿಯೇ ನಾನು ಮಲಗುವುದು. ಚಿತ್ರ ಬರದಿದ್ದರೆ ಎದೆ ಹೊಡೆದುಕೊಳ್ಳುತ್ತದೆ. ಫೋನ್ ಮಾಡಿ, ಅವರು ಎತ್ತುವವರೆಗೆ ಕಾಯುವುದು ಹೇಗಿರುತ್ತದೆ ಎಂದು ದೂರ ಇರುವ ಮಕ್ಕಳಿಗೆಲ್ಲ ಗೊತ್ತು. ಅಂಥ ವಸ್ತುವನ್ನು ಇಷ್ಟು ಬೇಕಾಬಿಟ್ಟಿ ಹಾಕಿ ಹೋಗಬಹುದಾ?

ಮಹಡಿಗೆ ವೈಫೈ ಸಿಗುವುದಿಲ್ಲ ಎಂದು ಎರಡನೇ ರೂಟರ್ ಹಾಕಿಸುವವರೂ ಇದನ್ನು ಓದಿ. ಮೊದಲ ರೂಟರ್ ಆಗಿರುವ ಫೈಬರ್ ಡಬ್ಬಿಯೂ 192.168.1.1, ಹೊಸ ರೂಟರ್ ಕೂಡ 192.168.1.1 ಆಗಿರುವುದು ಮಾಮೂಲು. ಎರಡರ ಲ್ಯಾನ್ ಪೋರ್ಟ್‌ಗಳಿಗೆ ಸುಮ್ನೆ ಕೇಬಲ್ ಚುಚ್ಚಿ ಹೋದರೆ, ಇಬ್ಬರೂ ನಂಬರ್ ಹಂಚಲು ನಿಲ್ಲುತ್ತಾರೆ, ಇಡೀ ಮನೆಯ ನೆಟ್ ತೂಗಾಡುತ್ತದೆ. ಎರಡನೆಯದನ್ನು, ನಂಬರ್ ಹಂಚದೆ ವೈಫೈ ಮಾತ್ರ ಕೊಡುವ ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಆ ಮೋಡ್ ಇಲ್ಲದಿದ್ದರೆ ಅದರ ಡಿಎಚ್‌ಸಿಪಿ ಆಫ್ ಮಾಡಿ, ಅದಕ್ಕೆ 192.168.1.2ರಂಥ ಬೇರೆ ನಂಬರ್ ಕೊಡಿ. ಆ ನಂಬರ್ ಮೊದಲ ರೂಟರ್ ಹಂಚುವ ಪಟ್ಟಿಯಿಂದ ಹೊರಗಿರಲಿ.

ಇನ್ನು ಯಾರೇ ಬಂದು ಕ್ಯಾಮೆರಾ, ಪ್ರಿಂಟರ್, ರೂಟರ್ ಹಾಕಿದರೂ ಕೇಳಿ: ‘ಇದಕ್ಕೆ ಯಾವ ಐಪಿ ಕೊಟ್ಟಿರಿ? ಅಡ್ಮಿನ್ ಪಾಸ್‌ವರ್ಡ್ ಏನು?’ ಎರಡನ್ನೂ ಬರೆದುಕೊಡುವವರೆಗೆ ಪೂರ್ತಿ ದುಡ್ಡು ಕೊಡಬೇಡಿ.