ಪರದೆ ಮೇಲೆ ಹಿಮ ಯಾಕ್ರೀ?

ಡಿಸೆಂಬರ್ ಬಂದರೆ ಸಾಕು, ನಮ್ಮ ಆಫೀಸಿನ ಲಿನಕ್ಸ್ ಸರ್ವರ್‌ನಲ್ಲಿ ಯಾರೋ ಒಬ್ಬರು ಎಕ್ಸ್‌ಸ್ನೋ ಅನ್ನೋ, ಪರದೆ ಮೇಲೆ ಹಿಮ ಉದುರಿಸುವ ಪ್ರೋಗ್ರಾಮ್ ಓಡಿಸಿಬಿಡುತ್ತಾರೆ. 1984ರಲ್ಲಿ ಮ್ಯಾಕಿಂಟಾಷ್‌ಗೆ ಶುಭಾಶಯ ಪತ್ರದ ಥರ ಹುಟ್ಟಿದ ಹಳೇ ಆಟ ಇದು. ಚೆನ್ನಾಗಿಲ್ಲ ಅಂತಲ್ಲ. ಹಿಮ ಉದುರಿ ವಿಂಡೋಗಳ ನೆತ್ತಿ ಮೇಲೆ ಗುಡ್ಡೆ ಬೀಳುತ್ತದೆ. ಗಾಳಿ ಬೀಸಿದರೆ ಎಲ್ಲ ಓರೆಯಾಗಿ ಹಾರುತ್ತದೆ. ಸ್ವಲ್ಪ ಹೊತ್ತು ಮಜಾನೇ.

ಆಮೇಲೆ ಕೆಲಸ ಮಾಡಬೇಕಲ್ವಾ? ಕಪ್ಪು ಟರ್ಮಿನಲ್‌ನಲ್ಲಿ, ಅಂದರೆ ಬರೀ ಅಕ್ಷರಗಳ ವಿಂಡೋದಲ್ಲಿ, ಲಾಗ್ (ಸರ್ವರ್ ಬರೆದಿಡುವ ದಾಖಲೆ) ಓದುವಾಗ ಚುಕ್ಕಿ ಯಾವುದು, ಹಿಮ ಯಾವುದು ಗೊತ್ತಾಗುವುದಿಲ್ಲ. ಸರಿಯಾಗಿ ಎರರ್ ಇರುವ ಸಾಲಿನ ಮೇಲೇ ಸಾಂಟಾನ ಜಾರುಬಂಡಿ ಹಾದುಹೋಗುತ್ತದೆ, ಹಿಮಸಾರಂಗಗಳ ಸಮೇತ!

ಮನೆಯಿಂದ ರಿಮೋಟ್‌ನಲ್ಲಿ ಕೂತವರ ಪಾಡಂತೂ ಕೇಳಬೇಡಿ. ಪರದೆಯಲ್ಲಿ ಏನು ಬದಲಾದರೂ ಅದು ನೆಟ್‌ವರ್ಕ್ ಮೇಲೆ ಬರಬೇಕು. ಹಿಮ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ನಾನು ಒತ್ತಿದ ಅಕ್ಷರ ಮೂಡುವಷ್ಟರಲ್ಲಿ ಕಾಫಿ ಕುಡಿದು ಬರಬಹುದು. ಮೊದಲೇ ನಮ್ಮ ಏರಿಯಾದ ನೆಟ್ ಆ ಥರ.

ಸಾಂಟಾ ಬೇಡ ಅಂದರೆ ‘ನೋಸಾಂಟಾ’, ಮರ ಬೇಡ ಅಂದರೆ ‘ನೋಟ್ರೀಸ್’ ಅಂತ ಆಯ್ಕೆಗಳೂ ಇವೆ. ಹಾಕುವವರು ಅದನ್ನೆಲ್ಲ ಎಲ್ಲಿ ಓದುತ್ತಾರೆ? ಪ್ರೋಗ್ರಾಮನ್ನೇ ನಿಲ್ಲಿಸಿದರೆ, ‘ಸುಮ್ನೆ ಹಬ್ಬದ ಖುಷಿ ಹಾಳು ಮಾಡ್ತೀರಲ್ಲ ಸಾರ್’ ಅಂತ ನನಗೇ ಬೈಗುಳ.