ತಡವಾಗಿ ಹೂಬಿಡುವ ಗಿಡದ ಬೆಲೆ

ಗಾಂಜಾ ಅಂದ ಕೂಡಲೇ ಮಾತು ನಶೆಯ ಕಡೆ ಹೊರಳುತ್ತೆ. ನಾನು ಹೇಳಬೇಕಿರೋದು ಬೀಜದ ಬಗ್ಗೆ. ಥಾಯ್ಲೆಂಡ್, ಕೊಲಂಬಿಯಾ, ಮಲಾವಿ, ಕೇರಳದ ಇಡುಕ್ಕಿ, ಇಲ್ಲೆಲ್ಲ ಬೆಳೆಗಾರರು ತಲೆಮಾರುಗಳಿಂದ ಆರಿಸಿ ಎತ್ತಿಟ್ಟ ಬೀಜದಿಂದ ಉಳಿದುಬಂದ ನಾಟಿ ತಳಿಗಳಿವೆ. ಅವು ಕಲಬೆರಕೆಯಾಗಿ ಕಳೆದುಹೋದರೆ ಮತ್ತೆ ಕಟ್ಟೋಕೆ ಯಾರಿಂದಲೂ ಆಗಲ್ಲ.

ಈ ಗಿಡ ಹೂಬಿಡೋ ಕಾಲವನ್ನ ರಾತ್ರಿಯ ಉದ್ದದಿಂದ ತಿಳಿಯುತ್ತೆ, ರಾತ್ರಿ ಉದ್ದವಾದರೆ ಹೂವಿಗೆ ತಿರುಗುತ್ತೆ. ಯುರೋಪಿನ ಹೆಂಪ್, ಅಂದರೆ ನಾರಿಗಾಗಿ ಬೆಳೆಯೋ ಗಾಂಜಾ ತಳಿಗಳು, ಬೇಸಿಗೆಯ 16 ಗಂಟೆ ಹಗಲಿಗೆ ಒಗ್ಗಿಕೊಂಡವು. ಸಮಭಾಜಕ ವೃತ್ತದ ಹತ್ತಿರ ಹಗಲು ವರ್ಷವಿಡೀ 12 ಗಂಟೆ ಆಸುಪಾಸು. ಅಲ್ಲಿ ಬಿತ್ತಿದರೆ ಅವು ಎತ್ತರಕ್ಕೆ ಬರೋ ಮೊದಲೇ ಹೂವಿಗೆ ತಿರುಗುತ್ತವೆ. ಕಾಂಡವೇ ಬೆಳೆಯದಿದ್ದರೆ ನಾರು ಎಲ್ಲಿಂದ ಬರಬೇಕು? ಅಲ್ಲಿನ ನಾಟಿ ಗಿಡಕ್ಕೆ ಆತುರವಿಲ್ಲ. ಅಷ್ಟೇ ಹಗಲಲ್ಲಿ ಆಳೆತ್ತರ ದಾಟಿ ಬೆಳೆಯುತ್ತೆ. ಹೂ ಮಾಗೋಕೆ 12ರಿಂದ 16 ವಾರ ತಗೊಳ್ಳೋ ತಳಿಗಳೂ ಇವೆ. ಕೋಣೆಯೊಳಗೆ ದೀಪದಡಿ ಬೆಳೆಯೋರು ಇದನ್ನ ದೋಷ ಅಂತಾರೆ, ಉಷ್ಣವಲಯದ ಹೊಲಕ್ಕೆ ಬೇಕಾಗಿರೋದೇ ಇದು.

ಹೂಗೊಂಚಲನ್ನ ಹತ್ತಿರದಿಂದ ನೋಡಿ. ಅಫ್ಘಾನ್ ತಳಿಯದ್ದು ಬಿಗಿದ ಮುಷ್ಟಿಯಂಥ ಗೊಂಚಲು, ಒಳಗೆ ತೇವ ನಿಂತರೆ ಬೂಷ್ಟು ಹಿಡಿದು ಒಳಗಿಂದಲೇ ಕೊಳೆಯುತ್ತೆ. ಥಾಯ್ ಗಿಡದ ಗೊಂಚಲು ಸಡಿಲ, ಎಲೆಯ ಬೆರಳುಗಳೋ ಬಿದಿರಿನ ಎಲೆಯಷ್ಟು ಸಪೂರ. ಮಳೆ ನಿಂತ ಮೇಲೆ ಗಾಳಿ ನಡುವೆ ಹಾದು ಒಣಗಿಸುತ್ತೆ.

1970ರ ದಶಕದಲ್ಲಿ ಕೊಲಂಬಿಯಾ, ಮೆಕ್ಸಿಕೊ ತಳಿಗಳನ್ನ ಅಫ್ಘಾನ್ ತಳಿಯ ಜೊತೆ ಸಂಕರಿಸಿ ಸ್ಕಂಕ್ ನಂಬರ್ 1 ಅನ್ನೋ ಹೈಬ್ರಿಡ್ ಬಂತು. ಆಮೇಲೆ ಬೇಗ ಮಾಗೋ ಗಿಡ್ಡ ಗಿಡಗಳದ್ದೇ ಕಾರುಬಾರು.

ನಾಟಿ ತಳಿಗಳಲ್ಲಿ ನಶೆ ಏರಿಸೋ ರಾಸಾಯನಿಕ ಟಿಎಚ್‌ಸಿ ಜಾಸ್ತಿ, ಹೆಂಪ್‌ಗೆ ಹಲವು ಕಡೆ ಕಾನೂನಿನ ಮಿತಿ 0.3%, ಹಾಗಾಗಿ ಇವು ಉಪಯೋಗಕ್ಕಿಲ್ಲ ಅನ್ನೋ ವಾದವನ್ನ ನಾನು ಒಪ್ಪಲ್ಲ. ಗಿಡ ಟಿಎಚ್‌ಸಿ ಮಾಡಬೇಕೋ ನಶೆ ಏರಿಸದ ಸಿಬಿಡಿ ಮಾಡಬೇಕೋ ಅನ್ನೋದನ್ನ ಬಹುಮಟ್ಟಿಗೆ ವರ್ಣತಂತುವಿನ ಒಂದೇ ನೆಲೆ ತೀರ್ಮಾನಿಸುತ್ತೆ. ಸಿಬಿಡಿ ತಳಿಯ ಜೊತೆ ಸಂಕರಿಸಿದರೆ ಎರಡನೇ ಪೀಳಿಗೆಯಲ್ಲಿ ಸುಮಾರು ಕಾಲುಭಾಗ ಗಿಡಗಳು ಸಿಬಿಡಿ ಕಡೆ ವಾಲುತ್ತವೆ. ಅವುಗಳಲ್ಲಿ ತಡವಾಗಿ ಹೂಬಿಡೋವನ್ನ ಆರಿಸುತ್ತಾ ಹೋಗಬೇಕು. ತಾಳ್ಮೆ ಬೇಡುತ್ತೆ, ಆದರೆ ಆಗೋ ಕೆಲಸ.

ನನಗೆ ನಿಜಕ್ಕೂ ಸಂಕಟ ಆಗೋದು ಸಂರಕ್ಷಣೆಯ ಹೆಸರಲ್ಲಿ ನಡೆಯೋ ಅವಸರ ನೋಡಿ. ಗಾಂಜಾದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಪರಾಗ ಗಾಳಿಯಲ್ಲಿ ಕಿಲೋಮೀಟರುಗಟ್ಟಲೆ ಹೋಗುತ್ತೆ. ಹೊರಗಿನ ಹೈಬ್ರಿಡ್ಡಿನ ಒಂದು ಗಂಡು ಗಿಡ ಗಾಳಿ ಬೀಸಿ ಬರೋ ಕಡೆ ಇದ್ದರೆ ಆ ವರ್ಷದ ಬೀಜವೆಲ್ಲ ಕೆಟ್ಟ ಹಾಗೆ. ಇನ್ನು ಎರಡು ಮೂರು ಗಿಡದಿಂದ ಬೀಜ ತಂದು ಊರಿನ ಹೆಸರು ಹಚ್ಚಿ ಮಾರಿದರೆ ಆ ತಳಿ ಉಳಿದ ಹಾಗಾಗಲ್ಲ. ನಾಟಿ ತಳಿಯ ಒಂದೊಂದು ಗಿಡವೂ ಒಂದೊಂದು ಥರ. ಹತ್ತಾರು ಗಂಡು, ಹತ್ತಾರು ಹೆಣ್ಣು ಸೇರಿ ಬೀಜ ಕಟ್ಟಿದರೆ ಮಾತ್ರ ಆ ವೈವಿಧ್ಯ ಮುಂದಿನ ಪೀಳಿಗೆಗೆ ದಾಟುತ್ತೆ.

ಬೀಜದಲ್ಲಿ ಎಣ್ಣೆ ಹೆಚ್ಚು, ಸೆಖೆಯಲ್ಲಿಟ್ಟರೆ ಕೆಲವೇ ವರ್ಷದಲ್ಲಿ ಮೊಳಕೆ ಶಕ್ತಿ ಹೋಗುತ್ತೆ. ಹಾಗಾಗಿ ಚೆನ್ನಾಗಿ ಒಣಗಿಸಿ ಶೀತಲ ಬೀಜ ಬ್ಯಾಂಕಿನಲ್ಲೂ ಇಡಬೇಕು, ಅದೇ ಬೆಟ್ಟದ ಇಳಿಜಾರಲ್ಲಿ ಅದೇ ಬೆಳೆಗಾರರ ಕೈಯಲ್ಲಿ ಪರವಾನಗಿ ಕೊಟ್ಟು ಬಿತ್ತಿಸಲೂ ಬೇಕು. ಗೊಂಚಲಿನಿಂದ ಉದುರಿದ ಕಾಳುಗಳಲ್ಲಿ ಯಾವುದನ್ನ ಮುಂದಿನ ವರ್ಷಕ್ಕೆ ಎತ್ತಿಡಬೇಕು ಅಂತ ಗೊತ್ತಿರೋದು ಅವರಿಗೇ.