ಸತ್ಯಾಂಶ: ಮಿದುಳಿಗೆ ಒಮ್ಮೆ ಕಾಯಿಲ್ ಹಾಕಿಸಿದರೆ ಮುಗಿಯಿತೇ?

ದಾವಣಗೆರೆಯ ನಮ್ಮ ಓಣಿಯ ವಾಟ್ಸ್ಆ್ಯಪ್ ಗುಂಪಿಗೆ ಬಂದ ಸಂದೇಶ: "ಮಿದುಳಿನ ಅನ್ಯೂರಿಸಂಗೆ ಒಮ್ಮೆ ಕ್ಲಿಪ್ ಇಲ್ಲವೇ ಕಾಯಿಲ್ ಹಾಕಿದರೆ ಜನ್ಮದಲ್ಲಿ ಮತ್ತೆ ಬರಲ್ಲ. ಆಮೇಲಿನ ಸ್ಕ್ಯಾನ್ ಎಲ್ಲಾ ದುಡ್ಡಿಗೆ." ಇದನ್ನು ನಂಬಿ ಪಕ್ಕದ ಮನೆಯ ಅಜ್ಜಿ ಆಸ್ಪತ್ರೆಯ ಫೈಲನ್ನು ಟ್ರಂಕಿನ ತಳಕ್ಕೆ ಹಾಕಿ, ಬಿಪಿ ಮಾತ್ರೆಯನ್ನೂ ನಿಲ್ಲಿಸಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಂದೇಶ ತಪ್ಪು. ರಕ್ತನಾಳದ ಗೋಡೆ ಸೊರಗಿದ ಕಡೆ, ಹೆಚ್ಚಾಗಿ ನಾಳ ಕವಲೊಡೆಯುವಲ್ಲಿ, ಬಲೂನಿನಂತೆ ಉಬ್ಬುವುದೇ ಅನ್ಯೂರಿಸಂ. ಕ್ಲಿಪ್ ಆ ಉಬ್ಬಿನ ಕುತ್ತಿಗೆಯನ್ನು ಹೊರಗಿನಿಂದ ಒತ್ತಿ ಮುಚ್ಚುತ್ತದೆ. ಕೂದಲೆಳೆಯಂಥ ಪ್ಲಾಟಿನಂ ತಂತಿಯ ಸುರುಳಿಯೇ ಕಾಯಿಲ್, ಅದು ಉಬ್ಬನ್ನು ಒಳಗಿನಿಂದ ತುಂಬುತ್ತದೆ. ಎರಡೂ ಸರಿಪಡಿಸುವುದು ಆ ಒಂದು ಉಬ್ಬನ್ನು ಮಾತ್ರ. ಭದ್ರಾ ನಾಲೆಯ ಏರಿಯಲ್ಲಿ ಒಂದು ಬಿರುಕು ಮುಚ್ಚಿದರೆ ಇಡೀ ಏರಿ ಗಟ್ಟಿಯಾಗದು, ನೋಡಿ. ಬೇರೆ ಕಡೆ ಹೊಸ ಉಬ್ಬು ಮೂಡಬಹುದು. ಕಾಯಿಲ್ ಹಾಕಿದ ಹಳೆಯ ಉಬ್ಬಿಗೂ ಕೆಲವೊಮ್ಮೆ ಮತ್ತೆ ರಕ್ತ ನುಗ್ಗುತ್ತದೆ.

ಹೆದರಬೇಡಿ, ಹೊಸದು ಮೂಡುವವರು ಕಡಿಮೆ. ಮೂಡಿದರೂ ಸಾಮಾನ್ಯವಾಗಿ ವರ್ಷಗಳ ನಂತರ. ಬೀಡಿ, ಸಿಗರೇಟು ಸೇದುವವರಿಗೆ, ಬಿಪಿ ಹತೋಟಿಯಲ್ಲಿಲ್ಲದವರಿಗೆ, ಮೊದಲೇ ಒಂದಕ್ಕಿಂತ ಹೆಚ್ಚು ಉಬ್ಬಿದ್ದವರಿಗೆ, ಒಡಹುಟ್ಟಿದವರಲ್ಲೂ ಇದು ಕಂಡವರಿಗೆ ಅಪಾಯ ಹೆಚ್ಚು. ಬೀಡಿ ಬಿಡುವುದು, ಮಾತ್ರೆ ತಪ್ಪಿಸದಿರುವುದು ನಮ್ಮ ಕೈಯಲ್ಲೇ ಇದೆ.

ಎಷ್ಟು ವರ್ಷಕ್ಕೊಮ್ಮೆ ಸ್ಕ್ಯಾನ್ ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಪ್ಲಾಟಿನಂ ಕಾಯಿಲ್ ಇದ್ದವರು ಸಾಮಾನ್ಯವಾಗಿ ಎಂಆರ್‌ಐ ಮಾಡಿಸಬಹುದು. ಕೆಲವು ಹಳೆಯ ಕ್ಲಿಪ್‌ಗಳಿಗೆ ಅದು ಅಪಾಯ, ಹಾಗಾಗಿ ಫೈಲ್ ತೋರಿಸಲೇಬೇಕು. ಸಿಡಿಲು ಬಡಿದಂತೆ ಒಮ್ಮೆಲೇ ತಲೆನೋವು, ವಾಂತಿ, ಕುತ್ತಿಗೆ ಬಿಗಿತ, ರೆಪ್ಪೆ ಜೋತುಬೀಳುವುದು ಕಂಡರೆ ಕಾಯದೆ 108ಕ್ಕೆ ಕರೆ ಮಾಡಿ.

ಅಜ್ಜಿಯ ಫೈಲು ಟ್ರಂಕಿನಿಂದ ಹೊರಬಂದಿದೆ. ಸೋಮವಾರ ಮಗನ ಜೊತೆ ತಪಾಸಣೆಗೆ ಹೋಗುತ್ತಿದ್ದಾರೆ.